ಅವರು ‘ಮುಟ್ತು’ ಅಂದಿದ್ದರು

ಪುಟ್ಟತಾಯಮ್ಮ ಸರಿಯಾಗಿಯೇ ಹೇಳಿದ್ದರು. ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಆಮೇಲೆ, ಅವರು ಹಾಗೆ ಹೇಳಲೇ ಇಲ್ಲ ಎಂದು ಸುಳ್ಳು ಹೇಳಿದೆ — ಮೊದಲು ಅವರ ಮಗನ ಎದುರು, ಆಮೇಲೆ ವಿಚಾರಣೆಗೆ ಕುಳಿತವರ ಎದುರು, ಆಮೇಲೆ ಹತ್ತು ವರ್ಷ ನನ್ನ ಹೆತ್ತವ್ವನ ಎದುರು. ದೊಡ್ಡ ಸುಳ್ಳೇನಲ್ಲ. ಒಂದೇ ಒಂದು ಪದ ಬದಲಾಯಿಸಿದೆ. ಆ ಪದ ಒಬ್ಬ ಅತ್ತೆಯನ್ನು ಸೊಸೆಯ ಸಾವಿಗೆ ಹೊಣೆ ಮಾಡಿತು, ಅದೂ ಅವರದೇ ಮನೆಯೊಳಗೆ.

ನಾನು ನರ್ಸ್. ಈಗ ಹಾಸನದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದೇನೆ. ಆಗ ಇದ್ದದ್ದು ಇದೇ ಜಿಲ್ಲೆಯ ಇನ್ನೊಂದು ಊರಿನ ಸಣ್ಣ ಆಸ್ಪತ್ರೆಯಲ್ಲಿ. ಯಾವುದೆಂದು ಹೇಳುವುದಿಲ್ಲ, ಹೆಸರು ಹೇಳಿದ ಕೂಡಲೇ ತಪ್ಪು ಆ ಕಟ್ಟಡದ್ದಾಗಿಬಿಡುತ್ತದೆ, ನಾನು ನುಣುಚಿಕೊಂಡುಬಿಡುತ್ತೇನೆ. ನುಣುಚಿಕೊಳ್ಳುವುದರಲ್ಲಿ ನನಗೆ ಸಾಕಷ್ಟು ಅನುಭವವಿದೆ.

ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನಲ್ಲಿ, ರುದ್ರಪಟ್ಟಣಕ್ಕೆ ನಡೆದೇ ಹೋಗಬಹುದಾದ ಒಂದು ಹಳ್ಳಿಯಲ್ಲಿ. ಅಲ್ಲಿ ಸಂಗೀತೋತ್ಸವ ನಡೆದಾಗ ನಮ್ಮವ್ವ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದಳು. ವೇದಿಕೆಯ ಮೇಲೆ ಮೈಕು ಹಿಡಿದವರ ಕನ್ನಡವೇ ಬೇರೆ, ನಮ್ಮ ಕೇರಿಯ ಕನ್ನಡವೇ ಬೇರೆ ಎಂಬುದು ನನಗೆ ಅಲ್ಲೇ ಹೊಳೆದದ್ದು. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ‘ಆಲು’, ಹೋಗು ‘ಓಗು’, ಹಸು ‘ಅಸ’. ಮನೆಯಲ್ಲಿ ಇದ್ದಷ್ಟು ದಿನ ಅದು ಕೊರತೆ ಎಂದು ಅನಿಸಿರಲಿಲ್ಲ.

ಅನಿಸಿದ್ದು ಮೈಸೂರಿನ ನರ್ಸಿಂಗ್ ಕಾಲೇಜಿನಲ್ಲಿ. ಮೊದಲ ವಾರವೇ ಮೇಡಂ, ಹಳ್ಳಿಗಳಲ್ಲಿ ಜನ ಯಾವುದಕ್ಕೆ ಹೆಚ್ಚು ಹೆದರುತ್ತಾರೆ ಎಂದು ಕೇಳಿದರು. ನಾನು ಉತ್ಸಾಹದಿಂದ ಎದ್ದು ನಿಂತು, ಉಳ ಮುಟ್ಟೋದಕ್ಕೆ ಅಂದೆ. ಹುಳ ಮುಟ್ಟಿದರೆ ಕೈ ತೊಳೆದುಕೊಂಡರೆ ಆಯಿತಪ್ಪ ಎಂದು ಹಿಂದಿನಿಂದ ಯಾರೋ ಅಂದರು, ಇಡೀ ತರಗತಿ ನಕ್ಕಿತು. ಆ ವರ್ಷವೆಲ್ಲ ನನ್ನ ಹೆಸರೇ ‘ಉಳ’. ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ಹಕಾರ ಕಲಿತೆ. ಕಲಿತದ್ದು ಸ್ವಲ್ಪ ಹೆಚ್ಚೇ ಆಗಿ, ಅಂಗಡಿಯಲ್ಲಿ ಎರಡು ಕೆ.ಜಿ. ‘ಹಕ್ಕಿ’ ಕೊಡಿ ಎಂದು ಅಕ್ಕಿ ಕೇಳಿದ್ದೂ ಉಂಟು. ನಗಬೇಕೆನಿಸಿದರೆ ನಗಿ, ನಾನೂ ನಕ್ಕಿದ್ದೇನೆ. ಆದರೆ ಆ ನಾಚಿಕೆ ಒಳಗೇ ಉಳಿದುಕೊಂಡಿತ್ತು, ನಾನು ಹೋದಲ್ಲೆಲ್ಲ ಬಂತು.

ನಮ್ಮ ಕಡೆಯವರಲ್ಲದವರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಊರುಗಳಲ್ಲಿ ಹಾವನ್ನು ಹೆಸರಿಟ್ಟು ಕರೆಯುವುದಿಲ್ಲ — ಕರೆದರೆ ಬಂದೀತು ಎಂಬ ಹೆದರಿಕೆಯೋ, ದೇವರು ಎಂಬ ಭಕ್ತಿಯೋ. ಹುಳ ಎನ್ನುತ್ತೇವೆ. ಅದು ಕಚ್ಚಿತು ಎಂದೂ ಬಾಯಿ ಬಿಟ್ಟು ಹೇಳುವುದಿಲ್ಲ, ಮುಟ್ಟಿತು ಎನ್ನುತ್ತೇವೆ. ಜೇನು ಕಚ್ಚುತ್ತದೆ, ಇರುವೆ ಕಚ್ಚುತ್ತದೆ, ಗುರುತಿಲ್ಲದ ಯಾವುದೋ ಹುಳವೂ ಕಚ್ಚುತ್ತದೆ. ‘ಹುಳ ಮುಟ್ತು’ ಎಂದರೆ ಮಾತ್ರ ಹಾವೇ, ಇನ್ನೇನೂ ಅಲ್ಲ. ನಮ್ಮೂರಿನ ಐದು ವರ್ಷದ ಮಗುವಿಗೂ ಇದರಲ್ಲಿ ಅನುಮಾನ ಬರುವುದಿಲ್ಲ. ನನಗೂ ಬರಲಿಲ್ಲ.

ಆ ಆಸ್ಪತ್ರೆಯ ತುರ್ತು ವಿಭಾಗದ ಗೋಡೆಗೆ ಒಂದು ಫಲಕ ಹಾಕಿದ್ದರು — ಯಾರ ಕೆಲಸ ಏನು ಎಂದು. ಡ್ಯೂಟಿ ಡಾಕ್ಟರು ಕಾಯಿಲೆ ಏನೆಂದು ನಿರ್ಧರಿಸಿ ಚಿಕಿತ್ಸೆ ಹೇಳಬೇಕು. ಬ್ರದರ್, ಎಂದರೆ ಗಂಡು ನರ್ಸ್, ನರಕ್ಕೆ ಸೂಜಿ ಹಾಕಿ ಔಷಧ ಹರಿಸಬೇಕು. ಬಾಗಿಲ ಬಳಿಯ ಮೇಜಿನಲ್ಲಿ ಕೂರುವ ನರ್ಸ್ ಬಂದವರನ್ನೆಲ್ಲ ಮೊದಲು ವಿಚಾರಿಸಿ, ನಾಡಿ ನೋಡಿ, ಕೈಗೆ ಬಣ್ಣದ ಪಟ್ಟಿ ಕಟ್ಟಬೇಕು. ಕೆಂಪು ಪಟ್ಟಿಯವರು ನೇರ ಒಳಗೆ, ಹಳದಿಯವರು ಸ್ವಲ್ಪ ಹೊತ್ತಿಗೆ, ಹಸಿರಿನವರು ಬೆಂಚಿನ ಮೇಲೆ ಕಾಯಬೇಕು. ಕೊನೆಯ ಸಾಲಿನಲ್ಲಿ ಆಯಾ: ನೆಲ ಒರೆಸುವುದು, ಸ್ಟ್ರೆಚರ್ ತಳ್ಳುವುದು. ಬಾಗಿಲ ಬಳಿಯ ಆ ಮೇಜು ನನ್ನದು.

ಡಾಕ್ಟರ ಕೆಲಸ ತಲೆಯದು, ಬ್ರದರನ ಕೆಲಸ ಕೈಯದು, ನನ್ನದು ಕಿವಿಯದು. ಅಷ್ಟೇ ನನ್ನಿಂದ ಆಗಬೇಕಾದದ್ದು. ಗಾಬರಿಯಲ್ಲಿ ಬಂದವರು ಪುಸ್ತಕದ ಮಾತು ಆಡುವುದಿಲ್ಲ. ಸಂಕಟ ಎನ್ನುತ್ತಾರೆ, ರಟ್ಟೆ ಸೇದ್ತದೆ ಎನ್ನುತ್ತಾರೆ, ಜೀವ ಎಂಗೆಂಗೋ ಆಯ್ತದೆ ಎನ್ನುತ್ತಾರೆ. ಅದನ್ನು ಕೇಳಿಸಿಕೊಂಡು ಡಾಕ್ಟರಿಗೆ ತಿಳಿಯುವ ಮಾತಿನಲ್ಲಿ ಒಳಗೆ ದಾಟಿಸಬೇಕು. ನಮ್ಮ ಡ್ಯೂಟಿ ಡಾಕ್ಟರು ಹೊರ ರಾಜ್ಯದಲ್ಲಿ ಬೆಳೆದವರು, ಆ ವರ್ಷವೇ ಕೆಲಸಕ್ಕೆ ಸೇರಿದ್ದರು. ಕನ್ನಡ ಬರುತ್ತಿತ್ತು, ನಮ್ಮ ಕನ್ನಡ ಬರುತ್ತಿರಲಿಲ್ಲ. ಅದಕ್ಕೇ ಆ ಮೇಜಿಗೆ ನನ್ನಂಥವಳು ಬೇಕಿತ್ತು.

ಸುಗ್ಗಿ ಮುಗಿದ ದಿನಗಳು. ಆ ದಿನ ಬೆಳಿಗ್ಗೆ ಬೆಂಗಳೂರಿನಿಂದ ಮೂವರು ತಪಾಸಣೆಗೆ ಬಂದಿದ್ದರು. ಕೈಯಲ್ಲಿ ಫೈಲು, ಕೊರಳಲ್ಲಿ ಕಾರ್ಡು. ನನ್ನ ಮೇಜಿನ ಪಕ್ಕದಲ್ಲೇ ನಿಂತು ನಾನು ಪಟ್ಟಿ ಕಟ್ಟುವುದನ್ನು ನೋಡುತ್ತಿದ್ದರು. ಅವರಲ್ಲಿ ಒಬ್ಬ ಹಿರಿಯ ಮಹಿಳೆ, ನಿಮ್ಮ ಕನ್ನಡ ಎಷ್ಟು ಸ್ವಚ್ಛವಾಗಿದೆ, ಯಾವೂರಮ್ಮ ಎಂದು ಕೇಳಿದರು. ನಾನು ಮೈಸೂರು ಅಂದೆ. ಕೇಳಿದವರು ಸುಮ್ಮನೆ ಕೇಳಿದ್ದರು, ಸುಳ್ಳು ಹೇಳುವ ಯಾವ ಅಗತ್ಯವೂ ಇರಲಿಲ್ಲ. ಆದರೂ ಹೇಳಿದೆ, ಹೇಳಿ ಖುಷಿಯನ್ನೂ ಪಟ್ಟೆ.

ಆ ಖುಷಿ ಇನ್ನೂ ಮುಖದ ಮೇಲಿರುವಾಗಲೇ ಆಟೋದಿಂದ ಇಬ್ಬರು ಇಳಿದು ಬಂದರು. ಐವತ್ತರ ಆಸುಪಾಸಿನ ಹೆಂಗಸು, ಅವರ ತೋಳು ಹಿಡಿದುಕೊಂಡು ಇಪ್ಪತ್ತನಾಲ್ಕರ ಸೊಸೆ, ಭಾಗ್ಯ. ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಹೊಳೆನರಸೀಪುರದ ಕಡೆಯ ಹಳ್ಳಿಯವರು. ಹಸುವಿಗೆ ಹಾಕಲು ಹುಲ್ಲಿನ ಮೆದೆಗೆ ಕೈ ಹಾಕಿ ಹುಲ್ಲು ಎಳೆಯುವಾಗ ಚುಚ್ಚಿದಂತಾಗಿ ಭಾಗ್ಯ ಕೈ ಕೊಡವಿದ್ದಳು, ಮೆದೆಯ ಸಂದಿಗೆ ಬಾಲ ಸರಿದದ್ದನ್ನು ಅತ್ತೆ ನೋಡಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಕೇಳಲೇ ಇಲ್ಲ.

ಆ ಹೆಂಗಸು ಮೇಜಿನ ಅಂಚು ಹಿಡಿದುಕೊಂಡು ಹೇಳಿದರು: “ನಮ್ ಸೊಸೆಗೆ ಉಳ ಮುಟ್ಬುಡ್ತು ಕಣವ್ವ.”

ಹೇಳಿ ನನ್ನ ಮುಖ ನೋಡಿದರು. ನೋಡಿದವರ ಮುಖ ಅರಳಿತು — ಆ ಗಾಬರಿಯ ನಡುವೆಯೂ ಅರಳಿತು, ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿದ ಹಾಗಿದೆ. “ನೀನು ಚಿಕ್ಕೇಗೌಡ್ರ ಮಗ್ಳಲ್ವೇನವ್ವ? ನಾನು ನಿಮ್ಮೂರೋಳೆ, ಪುಟ್ಟತಾಯಿ. ಬೇಗ ನೋಡವ್ವ, ಉಳ ಮುಟ್ತು.”

ಹೌದು, ನಮ್ಮೂರ ಹೆಣ್ಣುಮಗಳೇ. ನಮ್ಮ ಹಟ್ಟಿಯ ಹಿಂದಿನ ಮನೆಯಿಂದ ಹೊಳೆನರಸೀಪುರದ ಕಡೆಗೆ ಕೊಟ್ಟಿದ್ದರು. ತವರಿಗೆ ಬಂದಾಗಲೆಲ್ಲ, ಚಿಕ್ಕಂದಿನಲ್ಲಿ, ನನಗೆ ಜಡೆ ಹಾಕಿದ್ದವರು. ಗುರುತು ಹಿಡಿಯಲು ನನಗೂ ಒಂದು ಕ್ಷಣ ಸಾಕಾಯಿತು. ಆದರೆ ಪಕ್ಕದಲ್ಲಿ ಆ ಮಹಿಳೆ ಹುಬ್ಬೇರಿಸಿ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಮೈಸೂರು ಅಂದಿದ್ದೆನಲ್ಲ. ಯಾರನ್ನೋ ಅಂದುಕೊಂಡಿದ್ದೀರಿ, ಅಲ್ಲಿ ಕೂತ್ಕೊಳ್ಳಿ ಎಂದೆ. ಹಕಾರ ಎಲ್ಲೂ ತಪ್ಪಲಿಲ್ಲ.

ಡಾಕ್ಟರು ಒಳಗಿನಿಂದಲೇ ಏನು ಕೇಸು ಸಿಸ್ಟರ್ ಎಂದರು. “ಇನ್ಸೆಕ್ಟ್ ಬೈಟ್, ಡಾಕ್ಟರ್,” ಅಂದೆ. ರಿಜಿಸ್ಟರಿನಲ್ಲೂ ಅದನ್ನೇ ಬರೆದೆ. ಭಾಗ್ಯಳ ಕೈಗೆ ಹಸಿರು ಪಟ್ಟಿ ಕಟ್ಟಿದೆ.

ಆ ಕ್ಷಣ ನನಗೆ ಗೊತ್ತಿತ್ತೇ? ಇದನ್ನು ನನ್ನನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಬೇರೆ ಬೇರೆ ಉತ್ತರಗಳನ್ನೂ ಕೊಟ್ಟುಕೊಂಡಿದ್ದೇನೆ — ಗಡಿಬಿಡಿಯಿತ್ತು, ತಪಾಸಣೆಯಿತ್ತು, ಬೆರಳಿನ ಮೇಲಿದ್ದದ್ದು ಒಂದೇ ಚುಕ್ಕೆ, ನಾಡಿ ಸರಿಯಿತ್ತು. ಎಲ್ಲವೂ ನಿಜ. ಆದರೆ ಗೊತ್ತಿತ್ತು. ಉಳ ಮುಟ್ತು ಎಂಬ ಮಾತು ಕಿವಿಗೆ ಬಿದ್ದಾಗ ಹಾವೆಂದೇ ನನಗೆ ಅರ್ಥವಾಗಿತ್ತು. ಅದನ್ನು ಅದುಮಿ ಇಂಗ್ಲಿಷಿನಲ್ಲಿ ಬರೆದೆ. ಆ ಹೆಂಗಸು ಬೇಗ ಅಲ್ಲಿಂದ ಸರಿದು ಬೆಂಚಿಗೆ ಹೋಗಲಿ, ನಮ್ಮೂರು, ನಮ್ಮಪ್ಪ ಎಂದು ಇನ್ನೇನೂ ಹೇಳದಿರಲಿ ಎಂಬುದೇ ನನಗೆ ಆಗ ದೊಡ್ಡದಾಗಿತ್ತು. ಐದು ನಿಮಿಷ ಬಿಟ್ಟು, ಈ ಮೂವರು ಅತ್ತ ಹೋದ ಮೇಲೆ ಡಾಕ್ಟರಿಗೆ ಹೇಳಿದರಾಯಿತು ಎಂದುಕೊಂಡೆ. ಅವರು ಹೋಗಲಿಲ್ಲ. ನಾನೂ ಏಳಲಿಲ್ಲ.

ಡಾಕ್ಟರು ಒಮ್ಮೆ ಬೆಂಚಿನ ಬಳಿ ಬಂದು ಬೆರಳು ನೋಡಿದರು. ಟಿಟಿ ಇಂಜೆಕ್ಷನ್ ಹೇಳಿದರು, ಅಲರ್ಜಿಗೆ ಇನ್ನೊಂದು ಸೂಜಿ ಹೇಳಿದರು, ಸ್ವಲ್ಪ ಹೊತ್ತು ಕೂರಲಿ ಎಂದು ಹೋದರು. ಅವರೂ ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಆದರೆ ಕೇಳಿಸಿಕೊಳ್ಳಲು ನಾನಿದ್ದೇನೆ ಎಂದು ಅವರು ನಂಬಿದ್ದರು. ಆ ನಂಬಿಕೆಯ ಮೇಲೆಯೇ ತುರ್ತು ವಿಭಾಗ ನಡೆಯುವುದು. ಸೂಜಿ ಚುಚ್ಚಲು ನಾನೇ ಹೋದೆ. ಮನೆಯಲ್ಲಿ ಒಂದೂವರೆ ವರ್ಷದ ಮಗುವನ್ನು ಪಕ್ಕದವರ ಹತ್ತಿರ ಬಿಟ್ಟು ಬಂದಿದ್ದೇವೆ, ಎಷ್ಟು ಹೊತ್ತಾಗುತ್ತದೆ ಎಂದು ಭಾಗ್ಯ ಕೇಳಿದಳು. ನನ್ನನ್ನು ಅಕ್ಕ ಎಂದು ಕರೆದಳು. ಇನ್ನೇನು ಹೋಗಬಹುದು ಎಂದೆ.

ಆಯಾ ನಿಂಗಮ್ಮ ನೆಲ ಒರೆಸುತ್ತಾ ಬೆಂಚಿನ ಬಳಿ ಅತ್ತೆಯ ಮಾತು ಕೇಳಿದ್ದಳು. ನೇರ ನನ್ನ ಬಳಿ ಬಂದಳು, ಕೈಯಲ್ಲಿ ಒರೆಸುವ ಕೋಲು ಹಾಗೇ ಇತ್ತು. “ಸಿಸ್ಟರ್, ಆಯಮ್ಮ ಉಳ ಮುಟ್ತು ಅಂತಾವ್ಳೆ. ಡಾಕ್ಟ್ರಿಗೆ ಏಳಿ.”

ತಪಾಸಣೆಯವರು ಗೋಡೆಯ ಫಲಕವನ್ನು ಬರೆದುಕೊಳ್ಳುತ್ತಿದ್ದರು. “ನಿನ್ನ ಕೆಲಸ ನೀನು ನೋಡ್ಕೊ, ನಿಂಗಮ್ಮ,” ಎಂದೆ. ಅವಳು ಮತ್ತೆ ಬೆಂಚಿನ ಕಡೆಗೇ ಹೋದಳು.

ಒಂದು ಗಂಟೆ ಆಗುತ್ತಾ ಬಂದಿತ್ತು. ಈ ಸಲ ನಿಂಗಮ್ಮ ನನ್ನ ಬಳಿ ಬರಲಿಲ್ಲ. ನನ್ನ ಮೇಜು ದಾಟಿ, ಒಳಗೆ ಹೋಗಿ, ಡಾಕ್ಟರ ಕೋಟಿನ ತೋಳನ್ನೇ ಹಿಡಿದು, ಸಾ, ಆ ಮಗೀಗೆ ಕಣ್ಣು ಬಿಡಕ್ಕಾಯ್ತಿಲ್ಲ ಎಂದಳು. ಅವರು ಓಡಿ ಬಂದರು. ಭಾಗ್ಯಳ ರೆಪ್ಪೆಗಳು ಜೋತುಬಿದ್ದಿದ್ದವು, ಮಾತು ತೊದಲುತ್ತಿತ್ತು, ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಡಾಕ್ಟರಿಗೆ ಯಾವ ಭಾಷೆಯ ಸಹಾಯವೂ ಬೇಕಾಗಲಿಲ್ಲ. ನೋಡಿದ ಕೂಡಲೇ ಹಾವು ಎಂದರು.

ಆಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರು, ಚೆನ್ನಾಗಿಯೇ ಮಾಡಿದರು. ಬ್ರದರ್ ಮೊದಲ ಸಲಕ್ಕೇ ನರ ಹಿಡಿದು ಹಾವಿನ ವಿಷದ ಮದ್ದು ಹರಿಸಿದ. ಡಾಕ್ಟರು ಗಂಟಲಿಗೆ ಕೊಳವೆ ಹಾಕಿದರು. ಉಸಿರಾಟದ ಯಂತ್ರ ನಮ್ಮಲ್ಲಿರಲಿಲ್ಲ, ಹಾಸನದಿಂದ ಯಂತ್ರವಿರುವ ಆಂಬುಲೆನ್ಸ್ ಹೊರಟಿತು. ಅದು ಬರುವವರೆಗೆ ರಬ್ಬರಿನ ಚೀಲ ಒತ್ತಿ ಒತ್ತಿ ಅವಳಿಗೆ ಉಸಿರು ಕೊಟ್ಟೆವು. ನಾನೂ ಒತ್ತಿದೆ, ಕೈ ಸೋತು ಹೋಗುವವರೆಗೆ. ಆಂಬುಲೆನ್ಸ್ ಗೇಟಿನೊಳಗೆ ಬಂದು ಹಿಂದಿನ ಬಾಗಿಲು ತೆರೆದು ನಿಂತಾಗ ಭಾಗ್ಯಳ ಹೃದಯ ನಿಂತಿತು. ಎಷ್ಟು ಪ್ರಯತ್ನಪಟ್ಟರೂ ಮತ್ತೆ ಶುರುವಾಗಲಿಲ್ಲ.

ಮೊದಲೇ ಮದ್ದು ಕೊಟ್ಟಿದ್ದರೆ ಉಳಿಯುತ್ತಿದ್ದಳೋ? ಖಂಡಿತ ಎಂದು ಯಾರೂ ಹೇಳಲಾರರು. ಆ ಅನುಮಾನದ ನೆರಳಿನಲ್ಲಿ ನಾನು ಬಹಳ ವರ್ಷ ತಣ್ಣಗೆ ಕುಳಿತಿದ್ದೆ. ಆದರೆ ಆ ಒಂದು ಗಂಟೆ ಅವಳದಾಗಿತ್ತು. ಅವಳ ಅತ್ತೆ ಅದನ್ನು ಆಟೋದಲ್ಲಿ ಹಾಕಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು.

ಇಲ್ಲಿಯವರೆಗಿನದು ತಪ್ಪು. ಇನ್ನು ಮುಂದಿನದು ಪಾಪ.

ಭಾಗ್ಯಳ ಗಂಡ ಮಂಜೇಗೌಡ ಹೊಲದಿಂದ ಓಡಿ ಬಂದಿದ್ದ. ಚನ್ನರಾಯಪಟ್ಟಣದ ಕಡೆಯ ತವರಿನಿಂದ ಅವಳ ಅಪ್ಪ, ಅವ್ವ ಬಂದಿದ್ದರು. ವರಾಂಡದಲ್ಲಿ ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ, ಹಾವು ಎಂದು ಮೊದಲೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದುಬಿಟ್ಟರು. ಅವರಿಗೆ ತಿಳಿದಂತೆ ಅವರು ಸುಳ್ಳು ಹೇಳಲಿಲ್ಲ. ಭಾಗ್ಯಳ ಅವ್ವ ನಿಧಾನವಾಗಿ ಬೀಗಿತ್ತಿಯ ಕಡೆ ತಿರುಗಿದರು. ಯಾಕೆ ಹೇಳಲಿಲ್ಲ ಎಂದು ಕೇಳಿದರು. ಬೇಕೆಂದೇ ಹೇಳಲಿಲ್ಲವೇ ಎಂದೂ ಕೇಳಿದರು.

ಪುಟ್ಟತಾಯಮ್ಮ ನನ್ನ ಕಡೆ ಕೈ ತೋರಿಸಿದರು. “ಏಳ್ದೆ ಕಣವ್ವ. ಇವ್ಳಿಗೆ ಏಳ್ದೆ. ಉಳ ಮುಟ್ತು ಅಂತ ಎರಡ್ ಸತಿ ಏಳ್ದೆ.”

ಎಲ್ಲರೂ ನನ್ನನ್ನು ನೋಡಿದರು — ಡಾಕ್ಟರು, ಬ್ರದರ್, ಮಂಜೇಗೌಡ, ಆ ತಾಯಿ. ಹೌದು ಎಂದು ಒಂದು ಮಾತು ಹೇಳಿದ್ದರೆ... ಅಷ್ಟೇ ಸಾಕಿತ್ತು. ಕೆಲಸ ಹೋಗುತ್ತಿತ್ತು. ಹೋಗಬೇಕಾದದ್ದೇ.

“ಏನೋ ಉಳ ಕಚ್ತು ಅಂದ್ರು,” ಎಂದೆ. “ಮುಟ್ತು ಅನ್ಲಿಲ್ಲ.”

ಗಮನಿಸಿ, ಅವತ್ತು ಮೊದಲ ಬಾರಿಗೆ ನಮ್ಮ ಕನ್ನಡದಲ್ಲಿ ಮಾತಾಡಿದೆ. ಬೆಳಗಿನಿಂದ ನುಂಗಿಕೊಂಡಿದ್ದ ಭಾಷೆ ಸುಳ್ಳು ಹೇಳುವ ಹೊತ್ತಿಗೆ ಸಲೀಸಾಗಿ ಬಾಯಿಗೆ ಬಂತು. ಅಲ್ಲಿ ನಿಂತಿದ್ದ ಹಳ್ಳಿಯವರಿಗೆಲ್ಲ ಆ ಮಾತು ನೇರ ನಾಟಿತು. ಕಣ್ಣಾರೆ ಹಾವು ಕಂಡ ಹೆಂಗಸು ಏನೋ ಹುಳ ಕಚ್ಚಿತು ಎಂದು ಹೇಳಿದಳೆಂದರೆ ಅವಳ ಮನಸ್ಸಿನಲ್ಲಿ ಏನಿತ್ತು? ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಕೇಳುವ ಅಗತ್ಯವೇ ಬೀಳಲಿಲ್ಲ. ಕಚ್ಚುವುದಕ್ಕೂ ಮುಟ್ಟುವುದಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದವಳು ಮಾತ್ರ ಆ ಸುಳ್ಳು ಹೇಳಬಲ್ಲಳು ಎಂಬುದು ಅಲ್ಲಿದ್ದ ಇಬ್ಬರಿಗೆ ಮಾತ್ರ ತಿಳಿಯಿತು. ಒಬ್ಬರು ಪುಟ್ಟತಾಯಮ್ಮ. ಇನ್ನೊಬ್ಬಳು ವರಾಂಡದ ಕೊನೆಯಲ್ಲಿ ಬಕೆಟ್ ಹಿಡಿದು ನಿಂತಿದ್ದ ನಿಂಗಮ್ಮ.

ಹದಿನೈದು ದಿನಗಳ ನಂತರ ಆಸ್ಪತ್ರೆಯೊಳಗಿನ ವಿಚಾರಣೆ ನಡೆಯಿತು. ಕುಳಿತವರಲ್ಲಿ ಒಬ್ಬರು ನಮ್ಮ ಕಡೆಯವರಿದ್ದಿರಬೇಕು. ಪೆನ್ನು ಕೆಳಗಿಟ್ಟು, ಕಚ್ಚಿದೆ ಅಂದರಾ, ಮುಟ್ಟಿದೆ ಅಂದರಾ ಎಂದು ಮೆಲ್ಲಗೆ ಕೇಳಿದರು. ಸತ್ಯಕ್ಕೆ ಅದಕ್ಕಿಂತ ಅಗಲವಾದ ಬಾಗಿಲು ಯಾರೂ ತೆರೆದುಕೊಡಲಾರರು. ಕಚ್ಚಿದೆ ಅಂದರು ಸರ್ ಎಂದೆ. ಅವರು ಪೆನ್ನು ಎತ್ತಿಕೊಂಡು ಬರೆದುಕೊಂಡರು. ನಿಂಗಮ್ಮನನ್ನು ಯಾರೂ ಕರೆಯಲಿಲ್ಲ; ಗುತ್ತಿಗೆಯ ಆಯಾ, ಅವಳಿಗೇನು ಗೊತ್ತು. ಹೊರಗೆ ಬಂದಾಗ ಅವಳು ಮೆಟ್ಟಿಲು ಒರೆಸುತ್ತಿದ್ದಳು. ನಾನು ನಿಂತೆ. ತಲೆ ಎತ್ತದೆಯೇ, “ನನ್ ಕೆಲ್ಸ ನಾನು ನೋಡ್ಕೊತಾ ಇವ್ನಿ ಸಿಸ್ಟರ್,” ಎಂದಳು. ಆ ವರ್ಷ ಮುಗಿಯುವ ಮೊದಲೇ ಕೆಲಸ ಬಿಟ್ಟು ಹೋದಳು. ಎಲ್ಲಿದ್ದಾಳೋ ನಾನು ಹುಡುಕಲಿಲ್ಲ.

ಉಳಿದ ಸುದ್ದಿಯೆಲ್ಲ ನಮ್ಮವ್ವನ ಫೋನಿನಲ್ಲಿ ಬರುತ್ತಿತ್ತು. ಭಾಗ್ಯಳ ಹೆತ್ತವರು ಮಗುವನ್ನು ಚನ್ನರಾಯಪಟ್ಟಣದ ಕಡೆಗೆ ಕರೆದುಕೊಂಡು ಹೋದರು. ಅವಳ ಮಗಳನ್ನೂ ಆ ಅತ್ತೆಯ ಕೈಗೆ ಕೊಡುವುದಿಲ್ಲ ಎಂದರಂತೆ. ಮಂಜೇಗೌಡ ಅವ್ವನ ಜೊತೆ ಮಾತು ಬಿಟ್ಟ. ಮತ್ತೆ ಮದುವೆಯಾದ. ಬಂದವಳಿಗೂ ಯಾರೋ ಕಥೆ ಹೇಳಿದ್ದರು. ಪುಟ್ಟತಾಯಮ್ಮ ಬಡಿಸಿದರೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ನಮ್ಮೂರಿನಲ್ಲಿದ್ದ ತವರಿನವರಾದರೂ ಅವರ ಮಾತು ನಂಬಿದರೇ? ಇಲ್ಲ. ಚಿಕ್ಕೇಗೌಡರ ಮಗಳು ನಮ್ಮೂರ ಹುಡುಗಿ, ಅವಳಿಗೇಕೆ ಸುಳ್ಳು ಹೇಳುವ ಗರಜು ಎಂದರು. ನಮ್ಮವ್ವನೂ ಹಾಗೇ ಅಂದಳು, ಹೆಮ್ಮೆಯಿಂದಲೇ ಅಂದಳು. ಹೋದ ವರ್ಷ ಅವಳು ತೀರಿಕೊಂಡಳು. ಅವಳಿಗೂ ಹೇಳಲಿಲ್ಲ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಏಕೆ ಬಾಯಿ ಬಿಡುತ್ತಿದ್ದೇನೆ? ನನ್ನಲ್ಲಿ ಒಳ್ಳೆಯತನ ಹುಟ್ಟಿಬಿಟ್ಟಿತೆಂದಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಹಾಸನದ ನನ್ನ ಮೇಜಿನ ಮುಂದೆ ಪುಟ್ಟತಾಯಮ್ಮ ಬಂದು ನಿಂತರು. ಮುಖ, ಕುತ್ತಿಗೆ ಊದಿತ್ತು. ನೆರೆಮನೆಯ ಹೆಂಗಸೊಬ್ಬಳು ಜೊತೆಗಿದ್ದಳು. ನಾನು ಮಾಸ್ಕ್ ಹಾಕಿದ್ದೆ, ಕನ್ನಡಕ ಬಂದಿದೆ, ಮೈ ತುಂಬಿದೆ; ಅವರಿಗೆ ಗುರುತು ಸಿಗಲಿಲ್ಲ. ಏನಾಯಿತು ಎಂದು ಕೇಳಿದೆ. ಅವರು ಉಸಿರು ಎಳೆದುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವರಂತೆ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರು:

“ಜೇನು ಕಚ್ತು. ಹ್ಹಾವಲ್ಲ. ಹುಳ ಮುಟ್ತು ಅಂತ ಬರ್ಕೋಬ್ಯಾಡವ್ವ. ಜೇನು. ಕಚ್ತು. ಸರ್ಯಾಗಿ ಏಳ್ತಾ ಇವ್ನಿ.”

ಹಕಾರವನ್ನು ಗಂಟಲಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದರು. ನಾನು ಕನ್ನಡಿಯ ಮುಂದೆ ಕಲಿತದ್ದನ್ನು ಆ ಜೀವ ಈ ವಯಸ್ಸಿನಲ್ಲಿ, ನನ್ನಿಂದಾಗಿ ಕಲಿತಿತ್ತು. ಹಳದಿ ಪಟ್ಟಿ ಕಟ್ಟಿದೆ, ಅವರನ್ನು ನಾನೇ ಒಳಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ಒಪ್ಪಿಸಿದೆ. ಸೂಜಿ ಹಾಕುವಾಗ ಅವರು ತಮ್ಮಷ್ಟಕ್ಕೆ ಹೇಳಿಕೊಂಡರು: “ಇಂದೆ ಒಂದ್ಸತಿ ಬಾಯಿ ತಪ್ಪಿ ಕಚ್ತು ಅಂದ್ಬುಟ್ನಂತೆ. ಗ್ಯಾಪ್ಕ ಇಲ್ಲ. ಎಲ್ರೂ ಅಂತಾರೆ, ಅಂದಿರ್ಬೇಕು. ಒಂದು ಜೀವ ತೆಗೆದ್ಬುಟ್ಟೆ.”

ನಾನು ಅವರ ಬದುಕನ್ನಷ್ಟೇ ಕಸಿದುಕೊಂಡಿರಲಿಲ್ಲ. ಅವರ ನೆನಪನ್ನೂ ಕಸಿದುಕೊಂಡಿದ್ದೆ. ತಾವು ಸರಿಯಾಗಿ ಹೇಳಿದ್ದು ಅವರಿಗೇ ಮರೆತುಹೋಗಿತ್ತು. ನನ್ನ ಸುಳ್ಳೇ ಅವರಿಗೆ ನೆನಪಾಗಿ ಕುಳಿತಿತ್ತು. ಆಗಲಾದರೂ ಮಾಸ್ಕ್ ತೆಗೆದು ಹೇಳಬಹುದಿತ್ತು. ಹೇಳಲಿಲ್ಲ. ಸಂಜೆ ಊತ ಇಳಿದ ಮೇಲೆ ಅವರನ್ನು ಬಸ್ಸು ಹತ್ತಿಸಲು ಆ ನೆರೆಯವಳು ಕರೆದುಕೊಂಡು ಹೋದಳು, ನಾನು ಬಾಗಿಲಲ್ಲಿ ನಿಂತು ನೋಡಿದೆ.

ಅದಾಗಿ ಮೂರು ವಾರ ಬೇಕಾಯಿತು. ಹೋದ ಭಾನುವಾರ ಅವರ ಊರಿಗೆ ಹೋದೆ. ಮಂಜೇಗೌಡ ಜಗಲಿಯಲ್ಲಿ ಕುಳಿತು ಮೋಟಾರಿನ ವೈರು ಸುತ್ತುತ್ತಿದ್ದ. ಪುಟ್ಟತಾಯಮ್ಮ ಅಂಗಳದ ಇನ್ನೊಂದು ತುದಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಯಾರೆಂದು ಕೇಳುವ ಮೊದಲೇ ನಾನು ನಿಂತಲ್ಲೇ ಹೇಳಿಬಿಟ್ಟೆ, ಕೂತರೆ ಧೈರ್ಯ ಸಾಲುತ್ತಿರಲಿಲ್ಲ.

“ಅವ್ವಾ, ನಾನು ಚಿಕ್ಕೇಗೌಡ್ರ ಮಗ್ಳು. ಅವತ್ತು ನೀವು ಉಳ ಮುಟ್ತು ಅಂತ್ಲೇ ಅಂದ್ರಿ. ನಂಗೆ ಕೇಳುಸ್ತು. ಗೊತ್ತೂ ಆಯ್ತು. ಕಚ್ತು ಅಂದ್ರು ಅಂತ ಸುಳ್ಳೇಳ್ದೋಳು ನಾನು.”

ಮಂಜೇಗೌಡನ ಕೈ ನಿಂತಿತು. ಪುಟ್ಟತಾಯಮ್ಮ ಸುಲಿಯುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ, ಅಳುತ್ತಾರೆ ಎಂದುಕೊಂಡೆ. ಹೊಡೆದರೂ ಹೊಡೆಸಿಕೊಳ್ಳಬೇಕೆಂದು ಬಂದಿದ್ದೆ. ಅವರು ಕೇಳಿದ್ದು ಇಷ್ಟು:

“ಅಂಗಾರೆ ನಾನು ಮುಟ್ತು ಅಂತ್ಲೇ ಅಂದಿದ್ನಾ?”

“ಊಂ ಕಣವ್ವ. ಎರಡ್ ಸತಿ.”

“ಎರಡ್ ಸತಿ,” ಎಂದರು. ಮತ್ತೆ ಅದನ್ನೇ ಅಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಸುಲಿದ ಕಾಳು ಮಡಿಲಿನಿಂದ ಜಾರಿ ಅಂಗಳದ ತುಂಬ ಚೆಲ್ಲಿತು. ನಾನು ಬಗ್ಗಿ ಆರಿಸಲು ಹೋದೆ, ಬೇಡವೆಂದು ಕೈಯಾಡಿಸಿದರು.

ಮಂಜೇಗೌಡ ಎದ್ದು ನಿಂತಿದ್ದ. ಅವ್ವನ ಕಡೆ ನೋಡಲು ಅವನಿಂದ ಆಗುತ್ತಿರಲಿಲ್ಲ. ನೆಲ ನೋಡುತ್ತಲೇ ಹೇಳಿದ: “ನಮ್ಗೆ ಏಳುದ್ರೆ ಏನ್ ಬಂತು? ಅವತ್ತು ಎಲ್ರ ಮುಂದೆ ಅಂದೆ. ಎಲ್ರ ಮುಂದೇನೇ ಏಳು.”

ಅವನು ಹೇಳಿದ್ದು ನ್ಯಾಯ. ಅದಕ್ಕೇ ಇದನ್ನು ಬರೆದೆ. ಅಂದು ನಾನು ಕೊಟ್ಟ ಹೇಳಿಕೆ ಸುಳ್ಳೆಂದು ಆ ಆಸ್ಪತ್ರೆಗೂ ಈಗಿನ ಆಸ್ಪತ್ರೆಗೂ ಕೈಬರಹದಲ್ಲಿ ಬರೆದು, ಸಹಿ ಮಾಡಿ ಕೊಟ್ಟಿದ್ದೇನೆ. ಕೆಲಸ ಹೋಗುತ್ತದೆಯೋ, ಕೇಸಾಗುತ್ತದೆಯೋ ತಿಳಿಯದು. ಏನೇ ಆದರೂ ನನ್ನ ಪರವಾಗಿ ವಾದಿಸುವುದಿಲ್ಲ. ನಮ್ಮೂರಿನಲ್ಲಿ ಅವರ ತವರುಮನೆಯ ಜಗಲಿಯ ಮೇಲೆ ನಿಂತು ಹೇಳಿ ಬಂದಿದ್ದೇನೆ. ಇನ್ನು ಉಳಿದಿರುವುದು ಚನ್ನರಾಯಪಟ್ಟಣದ ಕಡೆಯ ಆ ಮನೆ — ಮಗಳನ್ನು ಕಳೆದುಕೊಂಡ ತಾಯಿ ಇರುವ ಮನೆ, ಹನ್ನೆರಡು ತುಂಬಿದ ಮೊಮ್ಮಗಳು ಬೆಳೆಯುತ್ತಿರುವ ಮನೆ. ಈ ಭಾನುವಾರ ಅಲ್ಲಿಗೆ ಹೋಗುತ್ತೇನೆ.

ಅದನ್ನು ತಿಳಿಸಲು ಪುಟ್ಟತಾಯಮ್ಮನವರಿಗೆ ಫೋನು ಮಾಡಿದ್ದೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆಮೇಲೆ, ಯಾವ ಹಕಾರಕ್ಕೂ ತಡವರಿಸದೆ, ನಮ್ಮೂರ ಮಾತಿನಲ್ಲೇ ಅಂದರು:

“ನಾನೂ ಬತ್ತೀನಿ. ಏನೂ ಮಾತಾಡಕಿಲ್ಲ, ಬಾಗ್ಲತ್ರ ನಿಂತ್ಕತೀನಿ. ನೀನು ಏಳು. ನನ್ ಮೊಮ್ಮಗ್ಳು ಕೇಳುಸ್ಕೊಳ್ಳೋದ ನಾನು ನೋಡ್ಬೇಕು.”